ಓದುಗರ ಸ್ಪಂದನ: ಮುಯ್ಯಿ ತಗೊಳ್ಳೋದಾ, ಬೇಡ ಅನ್ನೋದಾ?

ಮದುವೆ ಪತ್ರಿಕೆಯಲ್ಲಿ ‘ಉಡುಗೊರೆ ಬೇಡ’ ಅಂತ ಹಾಕಿಸೋಣ ಅನ್ನುತ್ತಾಳೆ ಮಗಳು. ಅಷ್ಟೊಂದು ನಗದು ಬಂದರೆ ತೆರಿಗೆಯವರು ಕೇಳಲ್ವಾ ಅನ್ನೋ ಭಯವೂ ಅವಳಿಗಿದೆ. ಇಪ್ಪತ್ತೈದು ವರ್ಷದಿಂದ ಎಲ್ಲರ ಮನೆಗೂ ಮುಯ್ಯಿ ಮಾಡಿದ್ದೀವಿ, ಈಗ ಬೇಡ ಅನ್ನೋದು ಹೇಗೆ ಅನ್ನುತ್ತಾರೆ ಯಜಮಾನರು. ಇಬ್ಬರ ನಡುವೆ ಸಿಕ್ಕಿಕೊಂಡ ದಾವಣಗೆರೆಯ ಓದುಗರೊಬ್ಬರು ಏನು ಮಾಡಲಿ ಎಂದು ಕೇಳಿದ್ದರು.

ತಂಗಿ, ಆ ಸಾಲು ಹಾಕಿಸಬೇಡಿ. ನಾನು ಹಾಕಿಸಿ ನೊಂದವಳು.

ಏಳು ವರ್ಷದ ಹಿಂದೆ ನನ್ನ ಮಗನ ಮದುವೆ ದಾವಣಗೆರೆಯ ಕಲ್ಯಾಣ ಮಂಟಪವೊಂದರಲ್ಲಿ ಆಯಿತು. ‘ಆಶೀರ್ವಾದವೇ ಉಡುಗೊರೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆವು. ನಮ್ಮ ಮೆಕ್ಕೆಜೋಳದ ಹೊಲಕ್ಕೆ ಕಳೆ ತೆಗೆಯಲು ಬರುವ ಅಕ್ಕ ಮೊದಲನೇ ಬಸ್ಸಿಗೇ ಬಂದಿದ್ದಳು. ಅಕ್ಕಿಕಾಳು ಹಾಕಿ, ಸೆರಗಿನ ಗಂಟು ಬಿಚ್ಚತೊಡಗಿದಳು. ನಾಲ್ಕು ಮಡಿಕೆ ಮಾಡಿದ ನೋಟುಗಳು, ಅದರೊಳಗೆ ಒಂದು ರೂಪಾಯಿ ನಾಣ್ಯ. ಮಗ ನಗುತ್ತಲೇ ‘ಬ್ಯಾಡ ಅಕ್ಕ, ಇಟ್ಕೋ’ ಅಂದ. ಹಿಂದೆ ಜನ ಸಾಲುಗಟ್ಟಿದ್ದರು. ಅವಳು ಗಂಟು ಕಟ್ಟಿಕೊಂಡು ಇಳಿದಳು. ಊಟಕ್ಕೆ ಕೂರಲಿಲ್ಲ ಅಂತ ನನಗೆ ಗೊತ್ತಾಗಿದ್ದು ನಾಲ್ಕು ದಿನ ಆದಮೇಲೆ. ಅವಳೇ ಮನೆಗೆ ಬಂದು ಕಟ್ಟೆ ಮೇಲೆ ದುಡ್ಡಿಟ್ಟಳು. ‘ನನ್ ಮಗಳ ಮದ್ವಿಗೆ ನೀವು ಐನೂರು ಮುಯ್ಯಿ ಮಾಡಿದ್ರಿ. ನಾನೇನು ಬ್ಯಾಡ ಅಂದಿದ್ನಾ?’ ಅಂದಳು. ನನಗೆ ಮಾತೇ ಹೊರಡಲಿಲ್ಲ. ಎರಡೂ ಕೈಯಲ್ಲಿ ತಗೊಂಡೆ, ಊಟ ಹಾಕಿದೆ.

ನಮ್ಮತ್ತೆಯ ಕಾಲದ ಮುಯ್ಯಿ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಮೊದಲ ಪುಟದ ಮೇಲೆ ಶ್ರೀ, ಅದಕ್ಕೆ ಅರಿಶಿಣ ಕುಂಕುಮ. ಕೆಳಗೆ ‘ಎರಡು ರೂಪಾಯಿ’, ‘ಒಂದು ಸೇರು ಅಕ್ಕಿ, ಕೊಬ್ಬರಿ ಬಟ್ಟಲು’, ‘ರವಿಕೆ ಕಣ’. ಆಗ ನಮ್ಮ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು. ಜಿಲ್ಲೆ ಬೇರೆಯಾದರೂ ಆ ಪುಸ್ತಕದ ಮನೆಗಳ ಜೊತೆ ಹೋಗಿಬರೋದು ನಿಂತಿಲ್ಲ. ಎರಡು ರೂಪಾಯಿ ಕೊಟ್ಟವರ ಮೊಮ್ಮಗಳ ಮದುವೆಗೆ ಹೋದ ವರ್ಷ ಸೀರೆ ತಗೊಂಡು ಹೋಗಿದ್ದೆ. ಮುಯ್ಯಿ ತಿರುಗಿಸೋದು ಹೀಗೇ ಅಲ್ವಾ? ನಿಮ್ಮ ಮನೆಗೂ ಅದನ್ನು ತಿರುಗಿಸಬೇಕು ಅಂತ ಕಾದವರು ಎಷ್ಟು ಜನ ಇದ್ದಾರೋ. ಅವರ ಕೈ ತಡೆಯಬೇಡಿ.

— ನಿವೃತ್ತ ಶಿಕ್ಷಕಿ, ಜಗಳೂರು

ತೆರಿಗೆ ಭಯ ಬೇಡ. ಮದುವೆಯ ಸಂದರ್ಭದಲ್ಲಿ ಮದುಮಗಳಿಗೆ, ಮದುಮಗನಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಎಷ್ಟೇ ಆಗಲಿ, ಯಾರೇ ಕೊಡಲಿ. ಆದರೆ ಈ ವಿನಾಯಿತಿ ಮದುವೆಯಾಗುವವರಿಗೆ ಮಾತ್ರ. ಹಾಗಾಗಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಬದಲು ಮಗಳ ಹೆಸರಲ್ಲೇ ಬರೆಸಿ, ಬ್ಯಾಂಕಿಗೆ ಕಟ್ಟೋದೂ ಅವಳ ಖಾತೆಗೇ ಇರಲಿ. ಒಬ್ಬರಿಂದಲೇ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ, ಅಂಥದ್ದು ಚೆಕ್ಕಿನಲ್ಲಿ ಬರಲಿ. ಇನ್ನೊಂದು ವಿಷಯ. ಉಡುಗೊರೆಯ ಪಟ್ಟಿ ಮಾಡಿ, ಏನು, ಸುಮಾರು ಬೆಲೆ ಎಷ್ಟು, ಯಾರು ಕೊಟ್ಟದ್ದು, ಏನು ಸಂಬಂಧ ಅಂತ ಬರೆದು, ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕು ಅಂತ ವರದಕ್ಷಿಣೆ ನಿಷೇಧ ಕಾಯ್ದೆಯ 1985ರ ನಿಯಮವೇ ಹೇಳುತ್ತದೆ. ನಮ್ಮಲ್ಲಿ ಯಾರೂ ಮಾಡೋದಿಲ್ಲ. ನಿಮ್ಮ ಮಗಳು ಮಾಡಲಿ, ಆ ಪಟ್ಟಿ ಅವಳ ಕೈಯಲ್ಲೇ ಇರಲಿ.

— ಲೆಕ್ಕಪತ್ರ ಬರೆಯುವವರು, ದಾವಣಗೆರೆ

ಜಗಳೂರಿನ ಮೇಡಂ ಥರ ನಾನೂ ತಗೊಳ್ಳಿ ಅಂತಲೇ ಹೇಳೋದು. ಆದರೆ ಕೊಡುವವರ ಕಷ್ಟವನ್ನೂ ಸ್ವಲ್ಪ ನೋಡಿ. ನಾನು ಆಟೋ ಓಡಿಸುತ್ತೇನೆ. ವೈಶಾಖದಲ್ಲಿ ಮನೆಗೆ ಎಂಟು ಹತ್ತು ಪತ್ರಿಕೆ ಬರುತ್ತವೆ. ತಲಾ ಐನೂರು ಅಂದರೂ ಆ ತಿಂಗಳ ಮನೆ ಬಾಡಿಗೆ ಅಲ್ಲೇ ಹೋಯಿತು. ನಾನೂ ನನ್ನ ಹೆಂಡತಿಯೂ ಚಿತ್ರದುರ್ಗದ ಮುರುಘಾಮಠದಲ್ಲಿ ಪ್ರತಿ ತಿಂಗಳು 5ರಂದು ನಡೆಯುವ ಸಾಮೂಹಿಕ ಮದುವೆಯಲ್ಲಿ ಮದುವೆಯಾದವರು. ನಮಗೆ ಹಳೇ ಪುಸ್ತಕವೂ ಇಲ್ಲ, ತಿರುಗಿ ಬರಬೇಕಾದ ಬಾಕಿಯೂ ಇಲ್ಲ. ಆದರೂ ಕರೆದ ಮನೆಗೆ ಬರಿಗೈಲಿ ಹೋಗೋಕೆ ಮನಸ್ಸು ಬರೋದಿಲ್ಲ.

ಒಂದು ಮದುವೆಯಲ್ಲಿ ಮುಯ್ಯಿಯನ್ನು ಮೈಕಿನಲ್ಲಿ ಓದಿದರು. ‘ಐದು ಸಾವಿರದ ಒಂದು’, ‘ಎರಡು ಸಾವಿರದ ಒಂದು’, ಆಮೇಲೆ ನನ್ನ ಹೆಸರು, ‘ನೂರಾ ಒಂದು’. ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳು ನನ್ನ ಮುಖ ನೋಡಿದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಅಮ್ಮ, ನೀವು ಕುಂಕುಮ ಇಟ್ಟು ಪತ್ರಿಕೆ ಕೊಡುವಾಗ, ಕೈ ಬಿಗಿ ಇರುವವರ ಮನೆಯಲ್ಲಿ ಬಾಯಲ್ಲೇ ಹೇಳಿ: ‘ಮುಯ್ಯಿ ಯೋಚನೆ ಬ್ಯಾಡ, ಮನೆಮಂದಿಯೆಲ್ಲ ಬಂದು ಊಟ ಮಾಡ್ಕೊಂಡು ಹೋಗ್ರಿ.’ ಅವರನ್ನೂ ಸೇರಿಸಿಯೇ ಎಲೆ ಲೆಕ್ಕ ಹಾಕಿ, ಆಗ ಅಡುಗೆಯವರ ಮುಂದೆ ಇಕ್ಕಟ್ಟಾಗೋದಿಲ್ಲ. ಮೈಕು ಬೇಡವೇ ಬೇಡ. ಮುಯ್ಯಿ ಬರೆಯೋಕೆ ಸೋದರಮಾವನನ್ನೋ ಬೇರೆ ಹಿರಿಯರನ್ನೋ ಒಂದು ಮೂಲೆಯಲ್ಲಿ ಕೂರಿಸಿ. ‘ಎಷ್ಟು ಬರಿಲಿ?’ ಅಂತ ಕೇಳುವಾಗ ದನಿ ತಗ್ಗಿಸಿ ಅಂತ ಅವರಿಗೆ ಮೊದಲೇ ಹೇಳಿರಿ.

— ಆಟೋ ಚಾಲಕ, ಚಿತ್ರದುರ್ಗ