ಸಹಾಯ ಬೇಕು: ‘ಅಧಿಕಾರ’ ಬೇರೆ, ‘ಬಲ’ ಬೇರೆ ಅಂತ ತಿಳಿಸಲು ಊರಿನ ಉದಾಹರಣೆ

ಎಲ್ಲರಿಗೂ ವಂದನೆ. ಬೀದರ್‌ನ ಯುವಕರ ಬೈಬಲ್ ಅಧ್ಯಯನಕ್ಕೆ 40 ನಿಮಿಷದ ಪಾಠ ಸಿದ್ಧವಾಗುತ್ತಿದೆ. ಆಧಾರ ಮಾರ್ಕ 2:1-12, ಪಾರ್ಶ್ವವಾಯು ರೋಗಿಯ ಪ್ರಸಂಗ. ಯೇಸು ಮೊದಲು ಪಾಪ ಕ್ಷಮಿಸುತ್ತಾನೆ, ವಾಸಿ ಮಾಡುವುದು ಆಮೇಲೆ. ‘ದೇವರೊಬ್ಬನೇ ಹೊರತು ಕ್ಷಮಿಸುವವರು ಯಾರು’ ಎಂಬ ಶಾಸ್ತ್ರಿಗಳ (ಯೆಹೂದಿ ಧರ್ಮಶಾಸ್ತ್ರ ಬೋಧಕರ) ಆಕ್ಷೇಪಕ್ಕೆ ಆ ವಾಸಿಯೇ ಉತ್ತರ.

ಪಾಠ ಎಡವುವುದೂ ಇಲ್ಲೇ. ಗ್ರೀಕಿನ ‘ಎಕ್ಸೂಸಿಯಾ’ (ಹಕ್ಕುಳ್ಳ ಅಧಿಕಾರ), ‘ಡುನಾಮಿಸ್’ (ಬಲ) ಎರಡನ್ನೂ ಒಂದೇ ಮಾಡಿದರೆ ರಕ್ಷಣೆ (ಪಾಪದಿಂದ ಬಿಡುಗಡೆ) ಅಂದರೆ ಬರೀ ರೋಗ ವಾಸಿ ಅನ್ನಿಸಿಬಿಡುತ್ತದೆ. ಯೋಹಾನ 1:12ರಲ್ಲಿ ನಂಬಿದವರಿಗೆ ದೇವರ ಮಕ್ಕಳಾಗಲು ಸಿಗುವುದು ಎಕ್ಸೂಸಿಯಾ. ಅಪೊಸ್ತಲರ ಕೃತ್ಯಗಳು 1:8ರಲ್ಲಿರುವುದು ಡುನಾಮಿಸ್.

ತಹಶೀಲ್ದಾರರ ಸಹಿಯ ಹೋಲಿಕೆ ಇದೆ, ಆದರೆ ಕಚೇರಿ ವಾಸನೆ ಹೊಡೆಯುತ್ತದೆ! ಮನೆ, ಹೊಲದ ಉದಾಹರಣೆ ಇದ್ದರೆ ಶನಿವಾರದೊಳಗೆ ತಿಳಿಸಿರಿ.