ನಾಲ್ಕು ಶಾಸ್ತ್ರ, ಒಂದು ತೂಬು

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆಂಬುದನ್ನು ಹಲವು ಶಾಸ್ತ್ರಗಳವರು ಕೂಡಿ ಸಂಶೋಧಿಸುವ ತರಬೇತಿಯೊಂದನ್ನು ಮೈಸೂರಿನಲ್ಲಿ ಮುಗಿಸಿಕೊಂಡು ಮಂಡ್ಯಕ್ಕೆ ಮರಳಿದ ನಮ್ಮ ಸಮಾಜಶಾಸ್ತ್ರದ ಮೇಷ್ಟ್ರ ಹೆಗಲಿಗೆ ಹೊಸ ಸೆಣಬಿನ ಚೀಲವೂ ಮಾತಿಗೆ ಹೊಸ ಗಾಂಭೀರ್ಯವೂ ಬಂದಿದ್ದವು.

“ಅಪಾಯವೆಂಬುದು ಬರೀ ಮಳೆ ಕೈಕೊಡುವುದರಿಂದ ಹುಟ್ಟುವುದಿಲ್ಲ. ಆ ಮಳೆಯನ್ನೇ ನೆಚ್ಚಿದವರು ಯಾರು, ಅವರಿಗೆ ತಾಳಿಕೊಳ್ಳುವ ಶಕ್ತಿ ಎಷ್ಟು ಎಂಬುದೂ ಸೇರಿದರೆ ಮಾತ್ರ ಲೆಕ್ಕ ಪೂರ್ತಿಯಾಗುತ್ತದೆಂದು ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ, ಹೇಳುತ್ತದೆ” ಎಂದು ಅವರು ಆರಂಭಿಸಿದರು.

ಗೌಡರು ಮದ್ದೂರು ವಡೆಯನ್ನು ಮುರಿಯುತ್ತಾ, “ಇದಕ್ಕೆ ಮೈಸೂರಿಗೆ ಹೋಗಬೇಕಿತ್ತೆ? 2023ರಲ್ಲಿ ಕನ್ನಂಬಾಡಿ ತುಂಬಲಿಲ್ಲ. ನಾಲೆಯ ತಲೆಯಲ್ಲಿರುವ ನನ್ನ ಭಾವನಿಗೆ ಅದು ಚಿಂತೆ, ಮಳವಳ್ಳಿ ಕಡೆ ನಾಲೆಯ ಕೊನೆಯಲ್ಲಿರುವ ನನಗೆ ಅದು ಸಾಲ” ಎಂದರು.

ಮೇಷ್ಟ್ರ ತಂಡದಲ್ಲಿ ಒಬ್ಬ ಕೃಷಿ ವಿಜ್ಞಾನಿ, ಒಬ್ಬ ನೀರಾವರಿ ಇಂಜಿನಿಯರು ಮತ್ತು ಒಬ್ಬ ಅರ್ಥಶಾಸ್ತ್ರಜ್ಞೆ ಇದ್ದರಂತೆ. ಭತ್ತಕ್ಕೆ ಕಡಿಮೆ ನೀರು ಸಾಲುವಂತೆ ಮಾಡುವ ಸಂಶೋಧನಾ ಪ್ರಸ್ತಾವನೆಯನ್ನು ಸಿದ್ಧಪಡಿಸುವುದು ಅವರ ಕೆಲಸವಾಗಿತ್ತು. ಮೊದಲ ದಿನವೆಲ್ಲ ಅದರ ಶೀರ್ಷಿಕೆಗೇ ಹೋಯಿತು. ಎರಡನೆಯ ದಿನ ಕೃಷಿ ವಿಜ್ಞಾನಿ ತೂತುಗಳಿರುವ ಒಂದು ಪ್ಲಾಸ್ಟಿಕ್ ಪೈಪನ್ನು ಮೇಜಿನ ಮೇಲಿಟ್ಟು, ಅದನ್ನು ಗದ್ದೆಯಲ್ಲಿ ಹೂತು, ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸಿದರೆ ಇಳುವರಿಗೆ ಧಕ್ಕೆಯಿಲ್ಲದೆ ನೀರು ಉಳಿಯುತ್ತದೆ, ಭೂಮಿಯನ್ನು ಬಿಸಿಯಾಗಿಸುವ ಮೀಥೇನ್ ಅನಿಲ ಕೂಡ ಕಡಿಮೆಯಾಗುತ್ತದೆ ಎಂದು ವಿವರಿಸಿದರು.

“ನನ್ನ ಗದ್ದೆ ಗ್ಯಾಸ್ ಬಿಡುತ್ತದೆಯೆ?” ಎಂದು ಗೌಡರು ನೊಂದುಕೊಂಡರು.

“ನಿಂತ ನೀರಿನಡಿಯ ಮಣ್ಣಿಗೆ ಗಾಳಿಯಾಡುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಬಿಡುತ್ತವೆ, ನೀವು ಹೊಣೆಯಲ್ಲ” ಎಂದು ಮೇಷ್ಟ್ರು ಸಮಾಧಾನ ಹೇಳಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ರಾಯರು ಗೌಡರ ನಾಲ್ಕನೆಯ ವಡೆಯ ಕಡೆಗೆ ಅರ್ಥಗರ್ಭಿತವಾಗಿ ನೋಡಿದರು.

ಆಮೇಲೆ ತಂಡದಲ್ಲಿ ಜಗಳ ಹತ್ತಿಕೊಂಡಿತು. ನನ್ನ ಮಟ್ಟಿಗೆ ಆ ತರಬೇತಿಯಲ್ಲಿ ಉಪಯೋಗಕ್ಕೆ ಬಂದದ್ದು ಈ ಜಗಳವೊಂದೇ. ನೀರು ಇಂಗಿದ ಗದ್ದೆಯಲ್ಲಿ ಕಳೆ ಹೆಚ್ಚುತ್ತದೆ, ಅದನ್ನು ಬಗ್ಗಿ ಕೀಳುವವರು ಹೆಂಗಸರು, ಅವರ ಕೂಲಿಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಿ ಎಂದು ಮೇಷ್ಟ್ರು ಕೇಳಿದರು. ನಾಲೆ ನೀರಿನ ಕರವನ್ನು ಎಕರೆಗೆ ಇಷ್ಟು, ಬೆಳೆಗೆ ಇಷ್ಟು ಎಂದು ಹಾಕುವುದರಿಂದ ನೀರು ಉಳಿಸಿದ ರೈತನ ಜೇಬಿಗೆ ಬಿಡಿಗಾಸೂ ಬೀಳುವುದಿಲ್ಲವೆಂದು ಅರ್ಥಶಾಸ್ತ್ರಜ್ಞೆ ತೋರಿಸಿದರು. ಇಂಜಿನಿಯರು ಎಲ್ಲರ ಮಾತು ಮುಗಿಯುವವರೆಗೆ ಸುಮ್ಮನಿದ್ದು, ನಾಲೆಯಲ್ಲಿ ನೀರು ಬರುವುದು ಸರದಿಯ ಮೇಲೆ, ಗದ್ದೆ ಒಣಗಿದ ದಿನವೇ ಸರದಿ ಬಂದೀತೆಂಬ ಭರವಸೆ ಯಾರಿಗಿದೆ ಎಂದರಂತೆ. ನಾಲ್ವರೂ ಅವರವರ ವಿಭಾಗದಲ್ಲೇ ಕುಳಿತಿದ್ದರೆ ನಾಲ್ಕು ಪ್ರಬಂಧಗಳು ಅಚ್ಚಾಗುತ್ತಿದ್ದವು, ಪೈಪಿನ ಈ ದೋಷ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

“ಹಾಗಾದರೆ ಗೌಡರು ಬೋರ್‌ವೆಲ್ ಕೊರೆಸಿದ್ದೇ ಸರಿಯಾದ ಹೊಂದಾಣಿಕೆ” ಎಂದು ರಾಯರು ತೀರ್ಪು ಕೊಟ್ಟರು.

“ಅಲ್ಲ. ಇವರ ಬೋರು ಆಳಕ್ಕಿಳಿದಷ್ಟೂ ಪಕ್ಕದವನದು ಬತ್ತುತ್ತದೆ. ಒಬ್ಬನ ಪರಿಹಾರ ಇನ್ನೊಬ್ಬನಿಗೆ ಅಪಾಯವಾದರೆ ಅದನ್ನು ತಪ್ಪು ಹೊಂದಾಣಿಕೆ ಎನ್ನುತ್ತಾರೆ” ಎಂದರು ಮೇಷ್ಟ್ರು.

“ಪಕ್ಕದವನು ನನಗಿಂತ ಮೊದಲೇ ನೂರು ಅಡಿ ಹೆಚ್ಚು ಕೊರೆಸಿದ್ದ. ಆ ತರಬೇತಿಗೆ ಅವನನ್ನಲ್ಲವೆ ಕರೆಯಬೇಕಾದದ್ದು?” ಎಂದ ಗೌಡರು ಕೈ ತೊಳೆದುಕೊಂಡು ಬಂದು, “ಇರಲಿ, ಪೈಪನ್ನು ನಾಳೆಯೇ ಕೊಡಿ, ಹೂಳುತ್ತೇನೆ. ಕಳೆಯ ಕೂಲಿಯನ್ನೂ ನಾನೇ ಕೊಡುತ್ತೇನೆ. ನನ್ನ ತೂಬಿಗೆ ನೀರು ಬರುವ ತಾರೀಖನ್ನು ಬರೆದುಕೊಡುವವರು ನಿಮ್ಮ ನಾಲ್ವರಲ್ಲಿ ಯಾರು?” ಎಂದು ಕೇಳಿದರು.

ಮೇಷ್ಟ್ರು ಚೀಲದಿಂದ ಕಾರ್ಯಕ್ರಮಪಟ್ಟಿಯನ್ನು ತೆಗೆದು ಎರಡೂ ಬದಿಯನ್ನು ತಿರುಗಿಸಿ ನೋಡಿ, ಆ ಗೋಷ್ಠಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿರಬಹುದು ಎಂದರು.