ನಿಂತುಹೋದ ಯಂತ್ರದ ಚಿತ್ರದಲ್ಲಿ ಅದರ ಕೆಲಸ ಕಾಣುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಾನು ಹವ್ಯಾಸಿ ಛಾಯಾಗ್ರಾಹಕ. ಹಳೆಯ ಬಟ್ಟೆ ಗಿರಣಿಯೊಂದನ್ನು ಹಾಗೆಯೇ ಉಳಿಸಿ ವಸ್ತುಸಂಗ್ರಹಾಲಯವಾಗಿ ಮಾಡಿರುವ ಸ್ಥಳದಲ್ಲಿ ಒಂದು ಇಡೀ ದಿನವನ್ನು ಕಳೆಯಲಿದ್ದೇನೆ. ಬಾಯ್ಲರ್, ಉಗಿಯಂತ್ರ, ಮಗ್ಗಗಳ ಸಾಲು, ದುರಸ್ತಿಯ ಕೊಠಡಿ ಎಲ್ಲವೂ ಅಲ್ಲಿವೆ. ಮಧ್ಯಾಹ್ನ ಸ್ವಲ್ಪ ಹೊತ್ತು ಉಗಿಯಂತ್ರವನ್ನು ಓಡಿಸಿ ತೋರಿಸುತ್ತಾರೆ. ಫ್ಲ್ಯಾಶ್ ಮತ್ತು ಟ್ರೈಪಾಡ್ ಬಳಸಲು ಅನುಮತಿ ಇಲ್ಲ.

ಇಂತಹ ಸ್ಥಳಗಳ ಅನೇಕ ಚಿತ್ರಗಳನ್ನು ನಾನು ನೋಡಿದ್ದೇನೆ. ತುಕ್ಕಿನ ಬಣ್ಣ, ಹಲ್ಲುಚಕ್ರಗಳ ವಿನ್ಯಾಸ, ಕಿಟಕಿಯಿಂದ ಇಳಿಯುವ ಬೆಳಕು ಅವುಗಳಲ್ಲಿ ಸೊಗಸಾಗಿಯೇ ಇರುತ್ತವೆ. ಆದರೆ ಆ ಯಂತ್ರ ಏನು ಮಾಡುತ್ತಿತ್ತು, ಅದರ ಪಕ್ಕದಲ್ಲಿ ನಿಂತವರು ಯಾವ ಕೆಲಸ ಮಾಡುತ್ತಿದ್ದರು ಎಂಬುದು ಅವುಗಳಿಂದ ತಿಳಿಯುವುದಿಲ್ಲ. ನನ್ನ ಚಿತ್ರಗಳಲ್ಲಿ ಅದು ತಿಳಿಯಬೇಕೆಂಬುದು ನನ್ನ ಆಸೆ. ದಿನವನ್ನು ಹೇಗೆ ಯೋಜಿಸಿಕೊಳ್ಳಲಿ?

ಮೊದಲನೆಯ ಉತ್ತರ

ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯುವ ಮೊದಲು ಶಕ್ತಿ ಹರಿಯುವ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಬಾಯ್ಲರಿನಲ್ಲಿ ಹುಟ್ಟಿದ ಉಗಿ ಕೊಳವೆಯ ಮೂಲಕ ಸಿಲಿಂಡರಿಗೆ ಬಂದು ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಕ್ರ್ಯಾಂಕ್ ಆ ಚಲನೆಯನ್ನು ಸುತ್ತುವ ಚಲನೆಯಾಗಿ ಬದಲಿಸುತ್ತದೆ. ಫ್ಲೈವೀಲ್ ಎಂಬ ಭಾರವಾದ ಚಕ್ರ ಅದರ ಏರಿಳಿತವನ್ನು ಸಮಗೊಳಿಸುತ್ತದೆ. ಅಲ್ಲಿಂದ ಹಗ್ಗ ಅಥವಾ ಬೆಲ್ಟುಗಳು ಚಾವಣಿಯ ಕೆಳಗಿನ ಉದ್ದನೆಯ ದಂಡವನ್ನು ತಿರುಗಿಸಿ, ಆ ದಂಡದ ಒಂದೊಂದು ಪುಲ್ಲಿಯಿಂದ ಒಂದೊಂದು ಮಗ್ಗಕ್ಕೆ ಶಕ್ತಿಯನ್ನು ಇಳಿಸುತ್ತವೆ. ಈ ದಾರಿ ಮನಸ್ಸಿನಲ್ಲಿ ನಿಂತರೆ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ತಿಳಿಯುತ್ತದೆ. ಮಗ್ಗವನ್ನಷ್ಟೇ ಚೌಕಟ್ಟಿನಲ್ಲಿ ತುಂಬಿಸುವ ಬದಲು, ಅದರಿಂದ ಮೇಲಕ್ಕೆ ಹೋಗುವ ಬೆಲ್ಟು ಮತ್ತು ತಲೆಯ ಮೇಲಿನ ದಂಡವೂ ಕಾಣುವಂತೆ ಲಂಬವಾಗಿ ತೆಗೆದರೆ ನೋಡುವವರಿಗೆ ಸಂಬಂಧ ಅರ್ಥವಾಗುತ್ತದೆ.

ವೇಗನಿಯಂತ್ರಕವನ್ನು ತಪ್ಪದೆ ನೋಡಿ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ಈ ಸಾಧನದಲ್ಲಿ ತಿರುಗುವ ಎರಡು ಲೋಹದ ಗುಂಡುಗಳಿರುತ್ತವೆ. ವೇಗ ಹೆಚ್ಚಿದಾಗ ಅವು ಹೊರಕ್ಕೆ ಸರಿದು ಮೇಲೇರಿ, ಉಗಿಯ ದಾರಿಯನ್ನು ಕಿರಿದಾಗಿಸುತ್ತವೆ. ಯಂತ್ರ ನಿಂತಿರುವಾಗ ಗುಂಡುಗಳು ಜೋತುಬಿದ್ದಿರುವ ಒಂದು ಚಿತ್ರವನ್ನೂ, ಅದೇ ಜಾಗದಿಂದ ಯಂತ್ರ ಓಡುವಾಗ ಇನ್ನೊಂದನ್ನೂ ತೆಗೆದು ಪಕ್ಕಪಕ್ಕದಲ್ಲಿಟ್ಟರೆ ಅಡಿಬರಹವೇ ಬೇಕಾಗುವುದಿಲ್ಲ.

ಕೆಲಸಗಾರರ ಗುರುತುಗಳು ಇನ್ನೂ ಸೂಕ್ಷ್ಮವಾಗಿರುತ್ತವೆ. ಕೈ ತಾಗಿ ತಾಗಿ ನುಣುಪಾದ ಹಿಡಿ, ಮಗ್ಗಗಳ ನಡುವೆ ಸವೆದ ನೆಲ, ಲಾಳಿಯ ತುದಿಯ ಗೀರುಗಳು ಇವನ್ನು ಹುಡುಕಿ. ಎರಡು ಮಗ್ಗಗಳ ನಡುವಿನ ದಾರಿ ಎಷ್ಟು ಇಕ್ಕಟ್ಟಾಗಿತ್ತೆಂಬುದನ್ನು ತೋರಿಸುವ ಒಂದು ಚಿತ್ರಕ್ಕೆ ನಾನು ಹೊಳೆಯುವ ಹಿತ್ತಾಳೆಯ ಹತ್ತು ಚಿತ್ರಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ. ಓಡುವ ಯಂತ್ರದ ಬಗ್ಗೆ ಸ್ವಲ್ಪ ಲೆಕ್ಕವನ್ನು ಸೇರಿಸುತ್ತೇನೆ. 3 ಮೀಟರ್ ವ್ಯಾಸದ ಫ್ಲೈವೀಲ್ ನಿಮಿಷಕ್ಕೆ 60 ಸುತ್ತು ತಿರುಗುತ್ತಿದ್ದರೆ, ಅದರ ಅಂಚು 1/60 ಸೆಕೆಂಡಿನಲ್ಲಿ ಸುಮಾರು 16 ಸೆಂಟಿಮೀಟರ್ ಸರಿಯುತ್ತದೆ; 1/1000 ಸೆಕೆಂಡಿನಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ. ಅಷ್ಟು ವೇಗದ ಶಟರ್ ಬಳಸಿದರೆ ಚಕ್ರ ನಿಂತಂತೆಯೇ ಕಾಣುವುದರಿಂದ, ಓಡುತ್ತಿರುವ ಯಂತ್ರವನ್ನು ತೆಗೆದ ಉದ್ದೇಶವೇ ಕಳೆದುಹೋಗುತ್ತದೆ. ಪಿಸ್ಟನ್ ದಂಡವು ತನ್ನ ದಾರಿಯ ತುದಿ ಮುಟ್ಟಿ ದಿಕ್ಕು ಬದಲಿಸುವಾಗ ಅರೆಕ್ಷಣ ನಿಲ್ಲುತ್ತದೆ, ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ. ಸರಿಯಾಗಿ ಆಗಲೇ 1/30 ಸೆಕೆಂಡಿನಲ್ಲಿ ಗುಂಡಿ ಒತ್ತಿದರೆ ದಂಡ ಬಹುಮಟ್ಟಿಗೆ ಸ್ಪಷ್ಟವಾಗಿಯೂ ಚಕ್ರ ಚಲನೆಯ ಮಸುಕಿನಲ್ಲಿಯೂ ಮೂಡುತ್ತವೆ. ಯಂತ್ರದ ಲಯವನ್ನು ಕಿವಿಯಿಂದ ಹಿಡಿದುಕೊಂಡರೆ ಈ ಕ್ಷಣವನ್ನು ಊಹಿಸುವುದು ಕಷ್ಟವಲ್ಲ. ಕಂಬಕ್ಕೆ ಒರಗಿ ನಿಂತು ಸಾಲಾಗಿ ಹಲವು ಚಿತ್ರಗಳನ್ನು ತೆಗೆಯಿರಿ.

ಎಲ್‌ಇಡಿ ದೀಪಗಳ ಕೆಳಗೆ ಪಟ್ಟೆಗಳು ಮೂಡಿದರೆ, 50 ಹರ್ಟ್ಸ್ ವಿದ್ಯುತ್ ಇರುವಲ್ಲಿ 1/50 ಅಥವಾ 1/100 ಸೆಕೆಂಡಿನ ಶಟರ್ ಸಾಮಾನ್ಯವಾಗಿ ನೆರವಾಗುತ್ತದೆ. ಪೋಲರೈಸರ್ ಫಿಲ್ಟರ್ ಗಾಜು ಮತ್ತು ಬಣ್ಣ ಬಳಿದ ಮೈಯ ಪ್ರತಿಫಲನವನ್ನು ತಗ್ಗಿಸುತ್ತದೆ, ಬರಿಯ ಲೋಹದ ಹೊಳಪಿನ ಮೇಲೆ ಅದರ ಪರಿಣಾಮ ಅತ್ಯಲ್ಪ. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತದಲ್ಲಿ ತೆಗೆದು, ಕಿಟಕಿಯ ಬೆಳಕು ಪೂರ್ತಿ ಬೆಳ್ಳಗಾಗದಂತೆ ನೋಡಿಕೊಳ್ಳಿ. ನೆರಳಿನ ವಿವರಗಳನ್ನು ಆಮೇಲೆ ಎತ್ತಿಕೊಳ್ಳಬಹುದು.

ಮೂರನೆಯ ಉತ್ತರ

ಕಟ್ಟಡದ ಹೊರಗೂ ಸಮಯ ಇಟ್ಟುಕೊಳ್ಳಿ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಗೋಪುರ, ಊದುಕುಲುಮೆ ಹಾಗೂ ಗಣಿಯ ಎತ್ತುಗೋಪುರಗಳನ್ನು ಮೋಡ ಕವಿದ ಬೆಳಕಿನಲ್ಲಿ, ನೇರ ನೋಟದಲ್ಲಿ, ದೊಡ್ಡ ಕ್ಯಾಮೆರಾದಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆದು ಸಾಲಾಗಿ ಜೋಡಿಸಿದರು. ಒಂದೇ ಕೆಲಸಕ್ಕಾಗಿ ಕಟ್ಟಿದ ರಚನೆಗಳನ್ನು ಹೀಗೆ ಒಟ್ಟಿಗೆ ನೋಡಿದಾಗ, ಆ ಕೆಲಸ ಬೇಡುವ ರೂಪ ಯಾವುದು, ಕಟ್ಟಿದವರ ಆಯ್ಕೆ ಯಾವುದು ಎಂಬುದು ಬೇರ್ಪಟ್ಟು ಕಾಣುತ್ತದೆ. ನೀವು ಚಿಮಣಿ, ಬಾಯ್ಲರ್ ಮನೆ, ಸರಕು ಎತ್ತುವ ಬಾಗಿಲುಗಳನ್ನು ಅದೇ ಶಿಸ್ತಿನಿಂದ ತೆಗೆದು ನೋಡಬಹುದು. ಆದರೆ ಅವರ ಚಿತ್ರಗಳಲ್ಲಿ ಮನುಷ್ಯರು ಇಲ್ಲವೆಂಬಷ್ಟು ವಿರಳ. ಶ್ರಮವನ್ನು ತೋರಿಸಬೇಕೆಂಬ ನಿಮ್ಮ ಉದ್ದೇಶಕ್ಕೆ ಅದೊಂದೇ ಮಾದರಿ ಸಾಲದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬೆಳಿಗ್ಗೆ ಕ್ಯಾಮೆರಾ ಇಲ್ಲದೆ ಒಂದು ಸುತ್ತು ನಡೆದು, ನಂತರ ನಿಂತ ಯಂತ್ರದ ಚಿತ್ರಗಳನ್ನು ತೆಗೆದು, ಮಧ್ಯಾಹ್ನ ಅದೇ ಜಾಗಗಳಿಗೆ ಮರಳುತ್ತೇನೆ. ಯಂತ್ರವನ್ನು ಓಡಿಸುವ ಸಿಬ್ಬಂದಿಯನ್ನು ಚಿತ್ರದಲ್ಲಿ ಸೇರಿಸಿದರೆ ಗಮನ ಯಂತ್ರದಿಂದ ಆಚೆಗೆ ಹೋಗುವುದಿಲ್ಲವೇ?

ಮೊದಲನೆಯ ಉತ್ತರ ಬರೆದವರು

ಹೋಗುವುದಿಲ್ಲ, ಅವರನ್ನು ಖಂಡಿತ ಸೇರಿಸಿ. ಕವಾಟವನ್ನು ತಿರುಗಿಸುವ ಕೈ ಯಂತ್ರದ ಗಾತ್ರವನ್ನೂ ಅದಕ್ಕೆ ಬೇಕಾದ ಬಲವನ್ನೂ ಒಟ್ಟಿಗೆ ಹೇಳುತ್ತದೆ. ಮೊದಲು ಅವರ ಒಪ್ಪಿಗೆ ಪಡೆಯಿರಿ ಮತ್ತು ಯಾವ ಹಂತದಲ್ಲಿ ಯಾವ ಕವಾಟಕ್ಕೆ ಕೈ ಹಾಕುತ್ತಾರೆಂದು ಕೇಳಿಟ್ಟುಕೊಳ್ಳಿ; ಯಂತ್ರ ಓಡತೊಡಗಿದ ಮೇಲೆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ.